ಹೂವಿಲ್ಲದ ಚೀಲ

ಅವರ ಶ್ರದ್ಧಾಂಜಲಿ ಸಭೆ ಜಯನಗರದ ಒಂದು ಪುಟ್ಟ ಸಭಾಂಗಣದಲ್ಲಿ ನಡೆಯಿತು. ಹತ್ತು ಗಂಟೆಗೆ ಎಂದು ಹೇಳಿ ತಡವಾಗಿ ಶುರುಮಾಡಿದರು. ಫೋಟೋಕ್ಕೆ ಸುಗಂಧರಾಜದ ಹಾರ ಹಾಕಿದ್ದರು. ಮಾತಾಡಿದವರೆಲ್ಲ ಅವರ ಮೂಗಿನ ಬಗ್ಗೆಯೇ ಮಾತಾಡಿದರು. ಅಂಥ ಮೂಗು ಇನ್ನು ಹುಟ್ಟುವುದಿಲ್ಲ ಎಂದರು ಒಬ್ಬರು. ಅವರ ಕಣ್ಣು ತಪ್ಪಿದರೂ ಮೂಗು ತಪ್ಪುತ್ತಿರಲಿಲ್ಲ ಎಂದರು ಇನ್ನೊಬ್ಬರು. ನನ್ನ ಸರದಿ ಬಂದಾಗ, "ಅವರು ನನಗೆ ಕೆಲಸ ಕಲಿಸಿದರು. ಚೆನ್ನಾಗಿ ಕಲಿಸಿದರು" ಎಂದು ಹೇಳಿ ಕೂತುಬಿಟ್ಟೆ. ಎರಡೂ ಸತ್ಯ. ಸತ್ತವರ ಸಭೆಯಲ್ಲಿ ಅದಕ್ಕಿಂತ ಹೆಚ್ಚು ಸತ್ಯ ಹೇಳುವ ವಾಡಿಕೆ ಇಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ, ಮಗಳು ಇದ್ದಾರೆ. ಈ ಕತೆಯಲ್ಲಿ ಆ ಇಬ್ಬರ ಪಾಲೇನೂ ಇಲ್ಲ.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಗಿಡಮೂಲಿಕೆ, ಸಂಬಾರ ಪದಾರ್ಥ, ಚಹಾಪುಡಿಗಳ ಕಲಬೆರಕೆ ಪತ್ತೆಮಾಡುವ ಒಂದು ಪ್ರಯೋಗಾಲಯದಲ್ಲಿ. ಅದು ಜಯನಗರದ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿತ್ತು. ಈಗ ಅಲ್ಲಿ ಸೀರೆ ಅಂಗಡಿ ಇದೆ. ಅವರು ಹಿರಿಯ ಪರೀಕ್ಷಕರು, ನಾನು ಅವರ ಕೈಕೆಳಗಿನ ಎರಡನೇ ಪರೀಕ್ಷಕಿ. ಯಾವ ವರದಿ ಹೊರಹೋಗಬೇಕಾದರೂ ಇಬ್ಬರು ಬೇರೆ ಬೇರೆಯಾಗಿ ನೋಡಿ, ಇಬ್ಬರೂ ಸಹಿ ಹಾಕಬೇಕು. ಅದು ಅಲ್ಲಿನ ನಿಯಮ. ನನಗೆ ಆ ಜಾಗದಲ್ಲಿ ಅತ್ಯಂತ ಇಷ್ಟವಾದದ್ದೇ ಆ ನಿಯಮ.

ಮೊದಲ ದಿನ ನಾನು ಹೋದಾಗ ಅವರು ಮೇಜಿನ ಮೇಲೆ ಮೂರು ಹಿಡಿ ಲವಂಗ ಇಟ್ಟುಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ. "ಏನ್ರೀ, ಡಿಗ್ರಿ ಇದೆ ಅಂದ್ರು. ಮೂಗಿದೆಯಾ?" ಎಂದರು. ನಾನು ಒಂದೊಂದೇ ಹಿಡಿ ಎತ್ತಿ ಮೂಸಿದೆ. ಮಧ್ಯದ್ದು ಎಣ್ಣೆ ತೆಗೆದ ಲವಂಗ ಎಂದೆ. "ಸರಿ, ಕೋಟು ಹಾಕ್ಕೊಳ್ಳಿ" ಎಂದರು. ಸಂದರ್ಶನ ಅಷ್ಟೇ.

ಅವರೊಂದಿಗೆ ಹೊರಗೆ ಎಲ್ಲಿಗಾದರೂ ಹೋಗುವುದು ಒಂದು ಶಿಕ್ಷೆ. ಹೋಟೆಲಿನಲ್ಲಿ ಕಾಫಿಯ ಮೊದಲ ಗುಟುಕಿಗೇ ಮಾಣಿಯನ್ನು ಕರೆದು, "ಚಿಕೋರಿ ಜಾಸ್ತಿ ಮಾಡಿದೀರ. ಹೋದ ವಾರ ಇಷ್ಟಿರಲಿಲ್ಲ. ಹೋಗಿ ನಿಮ್ಮ ಯಜಮಾನ್ರಿಗೆ ಹೇಳು, ನಾನು ಹೇಳಿದೆ ಅಂತ" ಎನ್ನುತ್ತಿದ್ದರು. ಮಾಣಿಗೆ ಈ "ನಾನು" ಯಾರೆಂದು ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಸಾರಿನ ಪಾತ್ರೆಯ ಮುಚ್ಚಳ ತೆಗೆಯುವ ಮೊದಲೇ, "ಇಂಗು ಹಳೇದು" ಎನ್ನುತ್ತಿದ್ದರಂತೆ. ಅವರ ಹೆಂಡತಿ ಒಮ್ಮೆ ನನ್ನೆದುರೇ ಹೇಳಿದರು: "ಇವರಿಗೆ ಅಡುಗೆ ಬಡಿಸಿದ ಹಾಗಲ್ಲ ಕಣ್ರೀ. ಪ್ರತಿದಿನ ಪರೀಕ್ಷೆ ಬರೆದ ಹಾಗೆ." ಅವರು ನಕ್ಕರು. ಆ ಮಾತು ಅವರಿಗೆ ಹೊಗಳಿಕೆಯಾಗಿ ಕೇಳಿಸಿತ್ತು.

ಪೊಲೀಸರು ನಮ್ಮಲ್ಲಿಗೆ ಬರುತ್ತಿದ್ದದ್ದು ಗಾಂಜಾಕ್ಕಾಗಿ. ದೊಡ್ಡ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ ರಾಶಿಬಿದ್ದಾಗ ಕೆಲವು ಮಾದರಿಗಳು ನಮಗೆ ಬರುತ್ತಿದ್ದವು. ಅವು ಬಂದ ದಿನ ಅವರಿಗೆ ಹಬ್ಬ. ಇದನ್ನು ಕೇಳಿ ಯಾರೂ ತಪ್ಪು ತಿಳಿಯಬಾರದು. ಅವರು ಬೀಡಿಯನ್ನೂ ಮುಟ್ಟಿದವರಲ್ಲ. "ಒಂದು ದಮ್ಮೂ ಎಳೆದಿಲ್ಲ ರೀ ನಾನು. ಚಿನ್ನ ನೋಡೋ ಆಚಾರಿ ಒಡವೆ ಹಾಕ್ಕೊಂಡು ಓಡಾಡ್ತಾನಾ?" ಎನ್ನುತ್ತಿದ್ದರು.

ಆ ಗಿಡದ ಹೂವನ್ನು ಅವರು ನನಗೆ ತೋರಿಸಿಕೊಟ್ಟ ಮಧ್ಯಾಹ್ನ ಇವತ್ತಿಗೂ ಕಣ್ಣ ಮುಂದಿದೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳೇ. ಆದರೂ ಅವರು ಇಕ್ಕಳದಲ್ಲಿ ಹಿಡಿದ ಹಸಿರು ಗೊಂಚಲನ್ನು ನೋಡಿ, "ಹೂವೆಲ್ಲಿ ಸಾರ್?" ಎಂದು ಕೇಳಿದ್ದೆ.

"ಹೂವು ಅಂದ್ರೆ ದಳ ಇರ್ಬೇಕು, ಬಣ್ಣ ಇರ್ಬೇಕು ಅಂತ ಯಾರ್ರೀ ಹೇಳಿದ್ದು ನಿಮಗೆ? ಇದು ಯಾರನ್ನೂ ಕರೆಯೋ ಹೂವಲ್ಲ. ಗಾಳಿಗೆ ಕಾಯ್ಕೊಂಡು ನಿಂತಿರೋ ಹೂವು. ಬನ್ನಿ, ನೋಡಿ."

ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಗಿಡದ ಹೂವು ಸಡಿಲವಾಗಿ ಜೋತುಬೀಳುತ್ತದೆ. ಐದು ಪುಟ್ಟ ಎಸಳು, ಒಳಗೆ ಐದು ಕೇಸರ. ಪರಾಗ ಉದುರಿಸಿದರೆ ಅದರ ಕೆಲಸ ಮುಗಿಯಿತು, ಗಿಡ ಒಣಗುತ್ತದೆ. ಹೆಣ್ಣು ಹೂವಿಗೆ ನೋಡುವಂಥ ದಳವೇ ಇಲ್ಲ. ಒಂದು ಹಸಿರು ಹೊದಿಕೆ ಅದನ್ನು ಕೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ಅದನ್ನು ನಾವು ಬ್ರ್ಯಾಕ್ಟ್ ಎನ್ನುತ್ತಿದ್ದೆವು. ಹೊದಿಕೆಯ ತುದಿಯಿಂದ ಎರಡು ಬಿಳಿ ಎಳೆಗಳು ಹೊರಬಂದಿರುತ್ತವೆ, ಗಾಳಿಯಲ್ಲಿ ಬರುವ ಪರಾಗವನ್ನು ಹಿಡಿಯಲು. ಅಂಥ ನೂರಾರು ಹೂವು ಒತ್ತೊತ್ತಾಗಿ ಕೂತು ಗೊಂಚಲಾಗುತ್ತದೆ. ಹೊದಿಕೆಯ ಮೈಮೇಲೆಲ್ಲ ಕಣ್ಣಿಗೆ ಕಾಣದ ಗುಂಡುಸೂಜಿಗಳನ್ನು ನೆಟ್ಟ ಹಾಗೆ ಅಂಟಿನ ಗ್ರಂಥಿಗಳು. ಸೂಜಿಯ ತಲೆಯಲ್ಲಿ ಅಂಟು. ಅಮಲೂ ಅಲ್ಲೇ, ವಾಸನೆಯೂ ಅಲ್ಲೇ.

ಮೇಲು ಕೀಳು ಹೇಳುವುದನ್ನೂ ಅವರೇ ಕಲಿಸಿದರು. ಎಳೆಗಳು ಇನ್ನೂ ಪೂರ್ತಿ ಬಿಳಿಯಾಗಿದ್ದರೆ ಹೂವು ಬಲಿತಿಲ್ಲ. ಕಂದಾಗಿ ಒಳಕ್ಕೆ ಮುದುಡಿದ್ದರೆ ಬಲಿತಿದೆ. ಗ್ರಂಥಿಯ ತಲೆ ಮೊದಲು ನೀರಿನ ಹಾಗೆ ತಿಳಿಯಾಗಿರುತ್ತದೆ, ಆಮೇಲೆ ಹಾಲಿನ ಹಾಗೆ, ಕಡೆಗೆ ಜೇನಿನ ಹಾಗೆ. ಹತ್ತಿರದಲ್ಲಿ ಗಂಡು ಗಿಡ ಇದ್ದರೆ ಬೀಜ ಕಟ್ಟುತ್ತದೆ, ಅಂಟು ಕಡಿಮೆಯಾಗುತ್ತದೆ. ಬೀಜ ಜಾಸ್ತಿ, ಕಡ್ಡಿ ಜಾಸ್ತಿ, ಎಲೆ ಜಾಸ್ತಿ ಇದ್ದರೆ ಕಳಪೆ. ಒದ್ದೆ ಹುಲ್ಲಿನ ವಾಸನೆ ಬಂದರೆ ಬೂಷ್ಟು ಹಿಡಿದಿದೆ. ಇಟ್ಟಿಗೆಯ ಹಾಗೆ ಒತ್ತಿ ತಂದದ್ದರಲ್ಲಿ ಗ್ರಂಥಿಗಳೆಲ್ಲ ಒಡೆದುಹೋಗಿರುತ್ತವೆ. ಇವೆಲ್ಲ ನ್ಯಾಯಾಲಯಕ್ಕೆ ಬೇಕಿರಲಿಲ್ಲ. ಕಾನೂನಿಗೆ ಬೇಕಾದದ್ದು ಒಂದೇ ಮಾತು: ಇದು ಗಾಂಜಾ ಹೌದೋ ಅಲ್ಲವೋ. ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ ಇದ್ದರೆ ಗಾಂಜಾ. ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಒಬ್ಬ ಮನುಷ್ಯ ಜೈಲಿನಲ್ಲಿರುವುದೂ ಮನೆಯಲ್ಲಿರುವುದೂ ಆ ಹೂವಿನ ಮೇಲೆ ನಿಂತಿತ್ತು.

ಬೇಕಿಲ್ಲದಿದ್ದರೂ ಅವರು ಮೇಲು ಕೀಳು ಹೇಳುತ್ತಿದ್ದರು. ಇನ್‌ಸ್ಪೆಕ್ಟರುಗಳು ಅದನ್ನು ಕೇಳಲೆಂದೇ ಕಾಯುತ್ತಿದ್ದರು. ಇವರು ಕೈಗವಸು ಹಾಕುತ್ತಿರಲಿಲ್ಲ. "ಗ್ಲೌಸ್ ಹಾಕಿದ್ರೆ ಬೆರಳು ಕುರುಡಾಗುತ್ತೆ" ಎನ್ನುತ್ತಿದ್ದರು. ಒಂದು ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿಯುವರು. ಕೋಣೆಯೆಲ್ಲ ಸ್ತಬ್ಧ. ಆಮೇಲೆ ಒಂದೇ ಪದ: "ಮೇಲು." ಅಥವಾ "ನಡು." ಅಥವಾ ಚಿಟಿಕೆಯನ್ನು ಕೊಡವಿ, "ಕಸ ರೀ ಇದು. ಮಾರಿದವನನ್ನ ಬಿಡಿ, ಕೊಂಡವನನ್ನ ಹಿಡೀರಿ, ದಡ್ಡ ಅಂತ." ಪೇದೆಗಳು ಬಿದ್ದು ಬಿದ್ದು ನಗುತ್ತಿದ್ದರು.

ಆ ಮೂಗು ಒಳ್ಳೆಯದನ್ನೂ ಮಾಡಿದೆ. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಒಂದು ಪೊಟ್ಟಣದ ಸಮೇತ ಹಿಡಿದು ತಂದಿದ್ದರು. ಹುಡುಗರು ನಡುಗುತ್ತಿದ್ದರು. ಇವರು ಪೊಟ್ಟಣ ಬಿಚ್ಚಿದವರೇ ಜೋರಾಗಿ ನಕ್ಕರು. "ಎಷ್ಟು ಕೊಟ್ರೋ ಇದಕ್ಕೆ? ಒಣಗಿಸಿದ ಮೆಂತ್ಯ ಸೊಪ್ಪು ಕಣ್ರೋ! ಮನೆಗೆ ತಗೊಂಡ್ಹೋಗಿ, ನಿಮ್ಮಮ್ಮಂಗೆ ಕೊಡಿ, ಚಪಾತಿಗೆ ಹಾಕ್ಲಿ." ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದೆವು, ಮೆಂತ್ಯವೇ. ಅವತ್ತೇ ಆ ಹುಡುಗರು ಮನೆಗೆ ಹೋದರು. ಅವರ ಮೂಗಿನ ಕೀರ್ತಿ ದಕ್ಷಿಣ ಬೆಂಗಳೂರಿನ ಠಾಣೆಗಳಲ್ಲೆಲ್ಲ ಹರಡಿದ್ದು ಆ ಮೆಂತ್ಯದಿಂದ. ನಾನೂ ಹೆಮ್ಮೆಪಟ್ಟಿದ್ದೆ.

ಇನ್ನು ಆ ಚೀಲದ ವಿಷಯ. ಅದು ತೊಂಬತ್ತರ ದಶಕದ ನಡುಭಾಗ.

ಹೊಸಕೆರೆಹಳ್ಳಿಯ ಹಳೆಯ ನಿವಾಸಿ ಒಬ್ಬರಿದ್ದರು. ಹೊಲವೆಲ್ಲ ಬಡಾವಣೆಯಾದ ಮೇಲೆ ಉಳಿದ ಜಾಗದಲ್ಲಿ ನಾಲ್ಕಾರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಹಿತ್ತಲಲ್ಲಿ ಎಮ್ಮೆ, ಹಸು ಸಾಕಿ ಹಾಲು ಹಾಕುತ್ತಿದ್ದರು. ತಿಪ್ಪೆಯ ಪಕ್ಕ ತಾನಾಗಿ ಎದ್ದ ಭಂಗಿ ಗಿಡಗಳನ್ನು, ಅಂದರೆ ಇದೇ ಗಾಂಜಾದ ಗಿಡಗಳನ್ನು, ಅವರು ಹೂಬಿಡುವ ಮೊದಲೇ ಕಿತ್ತು, ಎಲೆ ಸುಲಿದು ಒಣಗಿಸಿ, ಒಂದು ಗೋಣಿಚೀಲದಲ್ಲಿ ಕೊಟ್ಟಿಗೆಯ ಅಟ್ಟದ ಮೇಲೆ ಇಡುತ್ತಿದ್ದರು. ಹೊಟ್ಟೆಯುಬ್ಬರ ಬಂದ ದನಕ್ಕೆ ಬೆಲ್ಲದೊಂದಿಗೆ ಅರೆದು ಕುಡಿಸುವುದು ಆ ಕಡೆಯ ಹಳೇ ಪದ್ಧತಿ. ಅವರಪ್ಪನೂ ಮಾಡುತ್ತಿದ್ದರು. ಬಾಡಿಗೆಯವನೊಬ್ಬನನ್ನು ಮನೆ ಬಿಡು ಎಂದದ್ದಕ್ಕೆ ಅವನು ಠಾಣೆಗೆ ಹೋಗಿ ಚೀಲದ ಸುದ್ದಿ ಹೇಳಿದ. ಪೊಲೀಸರು ಬಂದು ಚೀಲವನ್ನೂ ಯಜಮಾನರನ್ನೂ ಜೀಪಿಗೆ ಹತ್ತಿಸಿದರು. ಗಾಂಜಾ ಮಾರಾಟದ ಕೇಸು. ಜಾಮೀನು ಸುಲಭಕ್ಕೆ ಸಿಗುವಂಥದ್ದಲ್ಲ.

ಚೀಲ ನಮ್ಮಲ್ಲಿಗೆ ಬಂದ ದಿನ ಬೆಳಗ್ಗೆಯಿಂದ ಅವರು ಬೇರೊಂದು ಠಾಣೆಯ ಮಾದರಿ ನೋಡುತ್ತಿದ್ದರು. ಅದು ನಿಜವಾದ ಹೂವು, ಬೀಜವಿಲ್ಲದ್ದು. ಅಷ್ಟು ಅಂಟಿನ ಸರಕು ನಾವು ಅಪರೂಪಕ್ಕೆ ಕಂಡಿದ್ದೆವು. ಅವರು ಅದನ್ನು ಉಜ್ಜಿ ಉಜ್ಜಿ ಸಂತೋಷಪಟ್ಟಿದ್ದರು. ಆ ಅಂಟು ನೀರಿಗೆ ಹೋಗುವುದಿಲ್ಲ, ಸ್ಪಿರಿಟ್ಟು ಹಾಕಿ ಒರೆಸಬೇಕು. ಅವರು ಊಟದ ಡಬ್ಬಿ ತೆಗೆಯುವ ಮೊದಲು ನಲ್ಲಿಯಲ್ಲಿ ಕೈ ತೊಳೆದರು, ಅಷ್ಟೇ. ಚಮಚೆಯಲ್ಲಿ ಊಟ ಮುಗಿಸಿದರು. ಆ ಹೊತ್ತಿಗೆ ಇನ್‌ಸ್ಪೆಕ್ಟರು ಚೀಲದೊಂದಿಗೆ ಮೆಟ್ಟಿಲು ಹತ್ತಿ ಬಂದರು.

ಮೊಹರು ನೋಡಬೇಕು, ದಾಖಲು ಮಾಡಿಕೊಳ್ಳಬೇಕು, ತೂಗಬೇಕು, ಆಮೇಲೆ ಬಿಚ್ಚಬೇಕು. ಮೊದಲು ಕಣ್ಣು, ಆಮೇಲೆ ಲೆನ್ಸು, ಆಮೇಲೆ ಸೂಕ್ಷ್ಮದರ್ಶಕ. ಇದು ಅವರೇ ನನಗೆ ಕಲಿಸಿದ ಕ್ರಮ.

"ನೀವು ಒಂದ್ಸಲ ಮೂಸಿದ್ರೆ ಸಾಕು ಬಿಡಿ ಸಾರ್, ಆ ಮಿಷಿನ್ನೆಲ್ಲ ಯಾಕೆ?" ಎಂದು ಇನ್‌ಸ್ಪೆಕ್ಟರು ಕುರ್ಚಿ ಎಳೆದುಕೊಂಡರು.

ಇವರು ಚೀಲದ ಬಾಯಿ ಬಿಚ್ಚಿಸಿ, ಕೈ ಹಾಕಿ, ಚಿಟಿಕೆ ತೆಗೆದು, ಉಜ್ಜಿ, ಕಣ್ಣು ಮುಚ್ಚಿದರು. "ಮೇಲು," ಎಂದರು. "ಹೂವಿನ ಮಾಲು ರೀ. ಬೀಜ ಇಲ್ಲದ್ದು. ಹಳ್ಳಿಯವನಾದ್ರೂ ಕೆಲಸ ಗೊತ್ತಿರೋನು."

ಪಕ್ಕದಲ್ಲೇ ನಿಂತಿದ್ದ ನನಗೆ ಚೀಲದಿಂದ ಬರುತ್ತಿದ್ದದ್ದು ಒಣ ಸೊಪ್ಪಿನ ವಾಸನೆ. "ಸಾರ್, ಬೆಳಗ್ಗಿನ ಸ್ಯಾಂಪಲ್ ಮುಟ್ಟಿದ ಕೈ ಅದು" ಎಂದೆ, ಮೆಲ್ಲಗೆ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಇನ್‌ಸ್ಪೆಕ್ಟರು ಆಗಲೇ ಪೇದೆಗೆ ಹೇಳುತ್ತಿದ್ದರು: "ಕೇಳ್ದೇನೋ? ಮೇಲು ಅಂತೆ. ಮುದುಕ ದನದ ಔಷಧಿ ಅಂತಿದ್ದ. ಎಂಥಾ ದನ ಇಟ್ಟಿದಾನಪ್ಪ!" ಪೇದೆ ನಕ್ಕ. ಅವರೂ ನಕ್ಕರು.

ಆ ಚೀಲದ ಮಾದರಿಯನ್ನು ನಾನು ಎರಡು ದಿನ ನೋಡಿದೆ. ಎಲೆ. ಎಲೆಯ ತೊಟ್ಟು. ಎಳೆಯ ಕಾಂಡದ ಚೂರು. ಎಲೆಯ ಮೇಲ್ಮೈಯಲ್ಲಿ ಕರಡಿಯ ಉಗುರಿನಂಥ ಬಾಗಿದ ರೋಮಗಳಿದ್ದವು, ಹಾಗಾಗಿ ಗಿಡ ಅದೇ. ಬಣ್ಣದ ಪರೀಕ್ಷೆಯಲ್ಲಿ ನೇರಳೆ ಬಂತು, ಅದು ಎಲೆಗೂ ಬರುತ್ತದೆ. ಒಂದು ಹೊದಿಕೆ ಇಲ್ಲ, ಒಂದು ಎಳೆ ಇಲ್ಲ. ಗಂಡು ಹೂವೂ ಇಲ್ಲ, ಹೆಣ್ಣು ಹೂವೂ ಇಲ್ಲ. ನಾನು ನೋಡಿದ ಮೇಲೆ ಅವರೂ ಸೂಕ್ಷ್ಮದರ್ಶಕದ ಮುಂದೆ ಕೂತರು. ಬಹಳ ಹೊತ್ತು ಕೂತರು. ಒಂದಾದ ಮೇಲೊಂದು ಗಾಜು ಬದಲಿಸಿ ನೋಡಿದರು. ಅವರು ಏನನ್ನು ಹುಡುಕುತ್ತಿದ್ದರೆಂದು ನನಗೆ ಗೊತ್ತಿತ್ತು. ಎದ್ದು ಹೋಗಿ "ಗಾಂಜಾ" ಎಂದು ವರದಿ ಬರೆದರು.

ನಾನು ಸಹಿ ಹಾಕಲಿಲ್ಲ.

"ಏನ್ರೀ ಇದು? ಗಿಡ ಅದೇ ತಾನೆ? ಬಣ್ಣ ಬಂತು ತಾನೆ?"

"ಹೂವಿಲ್ಲ ಸಾರ್."

"ಒಣಗಿ ಪುಡಿಯಾಗಿದೆ."

"ಪುಡಿಯಲ್ಲೂ ಎಳೆ ಸಿಗುತ್ತೆ ಅಂತ ನೀವೇ ತೋರಿಸಿದ್ದು."

ಅವರು ನನ್ನ ಮುಂದಿನಿಂದ ಕಾಗದ ಎಳೆದುಕೊಂಡರು. "ನಿಮಗೆ ಕಲಿಸಿದ್ದು ನಾನೇ ಅಲ್ವಾ? ಹಂಗಾದ್ರೆ ತಪ್ಪು ನಂದೇ" ಎಂದರು. ನಾನು ಪ್ರಯೋಗಾಲಯದ ಮುಖ್ಯಸ್ಥರ ಬಳಿ ಹೋದೆ. ಅವರು ಎದುರಿನ ಕುರ್ಚಿ ತೋರಿಸಿ, "ನೋಡಿ, ಅವರ ಅನುಭವ ದೊಡ್ಡದು. ಪೊಲೀಸರ ಹತ್ತಿರ ಅವರೇ ಮಾತಾಡ್ಕೋತಾರೆ. ನೀವು ಚಹಾಪುಡಿ ನೋಡ್ಕೊಳ್ಳಿ" ಎಂದರು. ಮಾರನೆಯ ದಿನದಿಂದ ನನಗೆ ಚಹಾಪುಡಿಯೇ ಬಂತು. ಎರಡನೆಯ ಸಹಿಯನ್ನು ರಸಾಯನ ವಿಭಾಗದವರೊಬ್ಬರು ಹಾಕಿದರು. ಅವರು ಆ ಗಿಡವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದವರು.

ಯಜಮಾನರ ಹೆಂಡತಿ ಒಂದು ದಿನ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತಿದ್ದರು. ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಮಧ್ಯಾಹ್ನ ನಾನು ಇಳಿದು ಬಂದಾಗ ಕೈ ಮುಗಿದರು.

"ಅಮ್ಮಾವ್ರೆ, ಅದು ದನಕ್ಕೆ ಕೊಡೋ ಸೊಪ್ಪು ಕಣಮ್ಮ. ನಮ್ಮನೆಯೋರು ಬೀಡಿ ಸೈತ ಸೇದಲ್ಲ. ಎಮ್ಮೆಗೆ ಉಬ್ಬರ ಬಂದ್ರೆ ಅಂತ ಇಟ್ಟಿದ್ದು. ಬೇಕಾದ್ರೆ ಎಮ್ಮೆ ತಂದು ತೋರಿಸ್ತೀನಿ."

ಎಮ್ಮೆ ತರುವುದು ಬೇಡ ಎಂದೆ. "ನಿಮ್ಮ ವಕೀಲರಿಗೆ ಹೇಳಿ. ಕೋರ್ಟಿನಲ್ಲಿ ಸ್ಯಾಂಪಲ್ ಬಿಚ್ಚಿಸಿ, ಹೂವು ತೋರಿಸಿ ಅಂತ ಕೇಳಲಿ. ಅಷ್ಟು ಕೇಳಿದರೆ ಸಾಕು." ಅವರು "ಹೂವು ತೋರ್ಸಿ, ಹೂವು ತೋರ್ಸಿ" ಎಂದು ಬಾಯಿಪಾಠ ಮಾಡಿಕೊಳ್ಳುತ್ತ ಬಸ್‌ಸ್ಟಾಪಿನ ಕಡೆ ನಡೆದರು.

ಸಾಕ್ಷಿ ವಿಚಾರಣೆಗೆ ಬರುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ನಾನು ರಜೆ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಸಾಕ್ಷಿಯಾಗಿ ನಿಂತಿದ್ದ ಇವರನ್ನು ಆರೋಪಿಯ ವಕೀಲರು ಕೇಳಿದರು: "ಇದರಲ್ಲಿ ಹೂವೆಲ್ಲಿದೆ, ತೋರಿಸಿ."

ಅವರು ಕೊರಳಿನ ಭೂತಗನ್ನಡಿ ತೆಗೆದರು. ಪೊಟ್ಟಣದಿಂದ ಇಕ್ಕಳದಲ್ಲಿ ಒಂದು ಚೂರು ಎತ್ತಿ ಬಿಳಿ ಕಾಗದದ ಮೇಲೆ ಇಟ್ಟರು. ಆಮೇಲೆ ಪಾಠ ಮಾಡಿದರು. ನನಗೆ ಆ ಮಧ್ಯಾಹ್ನ ಮಾಡಿದ್ದ ಅದೇ ಪಾಠ. ಗಂಡು ಬೇರೆ ಹೆಣ್ಣು ಬೇರೆ, ದಳವಿಲ್ಲದ ಹೂವು, ಗಾಳಿಗೆ ಕಾಯುವ ಎರಡು ಎಳೆ, ಕೂಸಿನ ಹಾಗೆ ಸುತ್ತಿದ ಹೊದಿಕೆ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳಿದರು. ವಕೀಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಹೂವಿನ ಬಗ್ಗೆ ಅವರು ಹೇಳಿದ ಒಂದೊಂದು ಮಾತೂ ಸತ್ಯ. ಇಕ್ಕಳದ ತುದಿಯಲ್ಲಿದ್ದದ್ದು ಮಾತ್ರ ಮಡಚಿಕೊಂಡ ಒಂದು ಎಳೆಯ ಎಲೆ. "ಇದೇ ಆ ಹೊದಿಕೆ, ಮಹಾಸ್ವಾಮಿ," ಎಂದು ಭೂತಗನ್ನಡಿಯನ್ನು ಮೇಲಕ್ಕೆ ಕೊಟ್ಟರು. ನ್ಯಾಯಾಧೀಶರು ಬಗ್ಗಿ ನೋಡಿ ತಲೆಯಾಡಿಸಿದರು. ಅಂಥ ಪಾಠ ಕೇಳಿದ ಮೇಲೆ ಯಾರಿಗಾದರೂ ಅಲ್ಲಿ ಹೂವು ಕಾಣಿಸುತ್ತಿತ್ತು. ಆರೋಪಿಯ ಕಟಕಟೆಯಲ್ಲಿ ನಿಂತಿದ್ದ ಮನುಷ್ಯ ಮಾತ್ರ ಅದನ್ನು ನೋಡುತ್ತಿರಲಿಲ್ಲ. ಅವರು ಇವರ ಮುಖವನ್ನೇ ನೋಡುತ್ತಿದ್ದರು.

ಹೊರಗೆ ಕಾರಿಡಾರಿನಲ್ಲಿ ಅವರು ನನ್ನನ್ನು ಕಂಡರು. "ಓ, ಬಂದಿದ್ರಾ? ಹೇಗಿತ್ತು?" ಎಂದರು. ಅವರು ಕೇಳಿದ್ದು ಪಾಠದ ಬಗ್ಗೆ. ಹೊಗಳಿಕೆಗಾಗಿ ನಿಜವಾಗಿ ಕಾಯುತ್ತಿದ್ದರು. ನಾನು ಮೆಟ್ಟಿಲು ಇಳಿದೆ.

ಕೊನೆಗೆ ಆ ಮನುಷ್ಯ ಬಿಡುಗಡೆಯಾದರು. ಹೂವಿನಿಂದಲ್ಲ. ಮಾದರಿಯ ಮೇಲಿದ್ದ ಅರಗಿನ ಮುದ್ರೆಗೂ ಠಾಣೆಯವರು ಹಾಜರುಪಡಿಸಿದ ಮುದ್ರೆಗೂ ಹೊಂದಲಿಲ್ಲವೆಂದು ಕೇಸು ಬಿತ್ತು. ಅಷ್ಟರಲ್ಲಿ ಅವರು ಮೂರು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದರು. ಎಮ್ಮೆ, ಹಸು ಎಲ್ಲ ಮಾರಿಹೋಗಿದ್ದವು. ಗಾಂಜಾ ಮನೆಯೆಂದು ಹೆಸರಾದ್ದರಿಂದ ಸಂಸಾರಸ್ಥರು ಬಾಡಿಗೆಗೆ ಬರುತ್ತಿರಲಿಲ್ಲ. ತೀರ್ಪಿನ ಸುದ್ದಿ ಬಂದ ದಿನ ಇವರು ನನ್ನ ಮೇಜಿನವರೆಗೆ ನಡೆದು ಬಂದರು. ಚಹಾಪುಡಿಗೆ ಇಳಿಸಿದ ಮೇಲೆ ಅವರು ನನ್ನ ಮೇಜಿಗೆ ಬಂದದ್ದೇ ಕಡಿಮೆ.

"ಪೊಲೀಸರ ಸೀಲಿಂದ ಹೋಯ್ತು. ನನ್ನ ರಿಪೋರ್ಟ್ ಮೇಲೆ ಜಡ್ಜು ಒಂದು ಕೆಟ್ಟ ಮಾತಾಡಿಲ್ಲ. ಓದಿದ್ರಾ?"

"ಮೂರು ವರ್ಷ ಸಾರ್," ಎಂದೆ.

"ಅದಕ್ಕೆ ನಾನೇನ್ ಮಾಡ್ಲಿ? ತಡ ಮಾಡಿದ್ದು ಕೋರ್ಟು."

ನಿವೃತ್ತಿಯ ದಿನ ಅವರಿಗೆ ಶಾಲು ಹೊದಿಸಿ, ಬೆಳ್ಳಿಯ ತಟ್ಟೆ ಕೊಟ್ಟೆವು. ನಾನೂ ನನ್ನ ಪಾಲು ಹಾಕಿದ್ದೆ. ಅದು ಕಚೇರಿಯ ಪದ್ಧತಿ, ಪದ್ಧತಿಯನ್ನು ನಾನು ಮುರಿಯುವುದಿಲ್ಲ.

ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಬೆಳಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಸಿಕ್ಕರು. ಸೊರಗಿದ್ದರು. ಕೊತ್ತಂಬರಿ ಕಟ್ಟನ್ನು ಮೂಗಿಗೆ ಹಿಡಿದುಕೊಂಡು ನಿಂತಿದ್ದರು. "ವಾಸನೆ ಬರ್ತಿದೆಯಾ ರೀ ಇದು?" ಎಂದು ನನಗೆ ಕೊಟ್ಟರು. ಘಮ್ಮೆನ್ನುತ್ತಿತ್ತು. ಬರುತ್ತಿದೆ ಎಂದೆ. ಅವರು ಮತ್ತೆ ಮೂಸಿ ನೋಡಿ, ಕಟ್ಟನ್ನು ಬುಟ್ಟಿಗೆ ಹಾಕಿದರು. ನನಗೆ ಅರ್ಥವಾಯಿತು. ಮರುಕ ಬರಲಿಲ್ಲ. ಹೀಗೆ ಬರೆಯುವುದು ಚೆಂದವಲ್ಲ, ಆದರೆ ಬರಲಿಲ್ಲ. ಕಾಫಿಗೆ ಕರೆದರು. ಹೋದೆ. ಮಾಣಿಗೆ ಏನೂ ಹೇಳದೆ ಕಾಫಿ ಕುಡಿದರು. ಲೋಟ ಅರ್ಧವಾದಾಗ ನಾನು ಕೇಳಿದೆ, ಹೊಸಕೆರೆಹಳ್ಳಿ ಚೀಲದಲ್ಲಿ ಹೂವಿಲ್ಲವೆಂದು ನಿಮಗೆ ಗೊತ್ತಿತ್ತೇ ಎಂದು.

ಅವರು ತಡಮಾಡಲಿಲ್ಲ. "ಸೂಕ್ಷ್ಮದರ್ಶಕದಲ್ಲಿ ನೋಡಿದ ತಕ್ಷಣ ಗೊತ್ತಾಯ್ತು. ನೀವು ಹೇಳಿದ್ದು ಸರಿ. ಬೆರಳಿನ ವಾಸನೆ."

"ಮತ್ತೆ ಯಾಕೆ ಸಾರ್?"

"ಇನ್‌ಸ್ಪೆಕ್ಟರ್ ಎದುರಿಗೆ ಆಡಿಬಿಟ್ಟಿದ್ದೆನಲ್ರೀ. ಆ ಪೇದೆ ಇದ್ದ. ನೀವಿದ್ರಿ. ವಾಪಸ್ ತಗೊಂಡ್ರೆ ನಾಳೆಯಿಂದ ನನ್ನ ಮೂಗನ್ನ ಯಾರು ನಂಬ್ತಾರೆ?" ಎಂದರು. ಲೋಟ ಕೆಳಗಿಟ್ಟು, "ನಿಮಗೆ ಇದೆಲ್ಲ ಅರ್ಥ ಆಗಲ್ಲ. ನಿಮಗೆ ಕ್ರಮ ಇತ್ತು. ನನಗೆ ಇದ್ದದ್ದು ಇದೊಂದೇ" ಎಂದು ಮೂಗನ್ನು ಮುಟ್ಟಿ ತೋರಿಸಿದರು. ಬಿಲ್ಲನ್ನು ಅವರೇ ಕೊಟ್ಟರು.

ಅವರನ್ನು ನಾನು ಕಡೆಯ ಬಾರಿ ನೋಡಿದ್ದು ಅದೇ. ಈಗ ಶ್ರದ್ಧಾಂಜಲಿ ಸಭೆ ಮುಗಿದು ಮನೆಗೆ ಬಂದವಳಿಗೆ ಕೂರಲಾಗಲಿಲ್ಲ. ಮಾರನೆಯ ಬೆಳಗ್ಗೆ ಬಸ್ಸು ಹತ್ತಿ ಹೊಸಕೆರೆಹಳ್ಳಿಗೆ ಹೋದೆ. ಆ ಯಜಮಾನರ ಮನೆ ಕೇಳಿಕೊಂಡು ಹೋಗುವುದು ಕಷ್ಟವಾಗಲಿಲ್ಲ. ಕೊಟ್ಟಿಗೆ ಇದ್ದ ಜಾಗದಲ್ಲಿ ಮೇಲಿನ ಮನೆಯ ಹುಡುಗರ ಬೈಕುಗಳು ನಿಂತಿದ್ದವು. ಹುಬ್ಬಳ್ಳಿ ಕಡೆಯ ಹುಡುಗರಂತೆ. ಹಳೇ ಸುದ್ದಿ ಗೊತ್ತಿಲ್ಲದವರು. ಯಜಮಾನರು ಜಗಲಿಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದೆ. ಎದ್ದು ನಿಂತು, ಕುರ್ಚಿ ಹಾಕಿಸಿದರು. ಹೆಂಡತಿ ಬಾಗಿಲಿಗೆ ಬಂದು ನನ್ನ ಗುರುತು ಹಿಡಿದು, ಕಾಫಿ ಮಾಡಲು ಒಳಗೆ ಹೋದರು.

ವರದಿ ಬರೆದ ಸಾಹೇಬರು ತೀರಿಕೊಂಡರು ಎಂದು ಹೇಳಿದೆ.

"ಅಯ್ಯೋ. ವಯಸ್ಸಾಗಿತ್ತಾ?" ಎಂದರು. ಆಮೇಲೆ, "ಒಂದ್ ಮಾತ್ ಕೇಳ್ಲಾ ಮೇಡಂ? ಅದು ಸೊಪ್ಪು ಅಂತ ನಂಗೊತ್ತು, ನಾನೇ ಕಿತ್ತಿದ್ದಲ್ವಾ. ಅವತ್ತು ಕೋರ್ಟಲ್ಲಿ ಅಷ್ಟು ಚೆನ್ನಾಗ್ ಹೇಳಿದ್ರಲ್ಲ, ಅವ್ರಿಗೆ ಗೊತ್ತಿತ್ತಾ, ಸೊಪ್ಪು ಅಂತ?"

ನಾನು ಯಾವತ್ತೂ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದವಳು. "ಗೊತ್ತಿತ್ತು" ಎಂದೆ. ಅವರೇ ನನಗೆ ಹೇಳಿದರು ಎಂದೂ ಸೇರಿಸಿದೆ.

ಅವರು ಬೈಕುಗಳ ಕಡೆ ತಿರುಗಿದರು. "ನಾನು ಬ್ಯಾರೆ ಥರ ಅಂದ್ಕೊಂಡಿದ್ದೆ," ಎಂದರು. "ಪಾಪ ತಿಳೀದೆ ಬರ್ದವ್ರೆ ಅಂತ. ಓದಿದೋರ್ಗೂ ಒಂದೊಂದ್ಸಲ ತಿಳಿಯಲ್ವಲ್ಲ ಅಂತ. ಒಳಗಿದ್ದಾಗ ದಿನಾ ಹಂಗೇ ಹೇಳ್ಕೊಂಡು ಮಲಿಕ್ಕೋತಿದ್ದೆ. ಈಚೆಗೆ ಬಂದ್ಮೇಲೂ ಹಂಗೇ."

ಹೆಂಡತಿ ಕಾಫಿ ತಂದು ನನ್ನ ಕೈಗೆ ಕೊಟ್ಟರು. ಗಂಡನ ಮುಖ ನೋಡಿ, "ಏನಂದ್ರು ಮೇಡಮ್ಮೋರು?" ಎಂದರು.

"ಏನಿಲ್ಲ. ಆ ಸಾಹೇಬ್ರು ಹೋಗ್ಬಿಟ್ರಂತೆ," ಎಂದರು ಅವರು. "ಪಾಪ, ಅವರ್ಗೆ ಗೊತ್ತಿರ್ಲಿಲ್ವಂತೆ ಕಣೆ. ಹೂವು ಅಂತಲೇ ಅಂದ್ಕೊಂಡಿದ್ರಂತೆ."

ಆಕೆ ಉಸಿರುಬಿಟ್ಟು ಬಾಗಿಲಿಗೆ ಒರಗಿ ನಿಂತರು. "ನಾನ್ ಅವತ್ತಿಂದ ಅದೇ ಅಲ್ವಾ ಹೇಳ್ತಿರೋದು? ಅಷ್ಟು ದೊಡ್ಡೋರು ಬೇಕೂಂತ ಮಾಡ್ತಾರಾ? ಹೌದಲ್ವಾ ಮೇಡಮ್ಮೋರೆ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಹೌದು," ಎಂದೆ.